ಅಲುಗಾಡದ ಬೆಳಕು

"ಈ ಎರಡೂ ಒಂದೇ ಬಣ್ಣ ಅಂತ ಒಪ್ಪಿ ಕಳಿಸಿದ್ದು ನೀವೇ ತಾನೆ?"

ಗಾಲಿ ಮೇಡಂ ಎರಡು ಬೂದು ಬಟ್ಟೆ ತುಂಡುಗಳನ್ನು ಮೇಜಿನ ಮೇಲೆ ಅಂಚಿಗೆ ಅಂಚು ತಾಗುವಂತೆ ಇಟ್ಟರು. ಎದುರು ಕೂತಿದ್ದ ಅವಳು ಅತ್ತ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಆ ತುಂಡುಗಳನ್ನು ಬೀರುವಿನಲ್ಲಿ, ಉಣ್ಣೆಯ ಶಾಲುಗಳ ಅಡಿಯಲ್ಲಿ ಬಚ್ಚಿಟ್ಟಿದ್ದವಳು ಅವಳೇ.

"ಬೀರು ತೆಗೆದ್ರಾ?"

"ತೆಗೆದೆ. ಬೈಯೋದಿದ್ರೆ ಆಮೇಲೆ ಬೈಯಿರಿ. ಒಂದು ಹಸಿರಿಗೆ ವಾಲಿದೆ, ಇನ್ನೊಂದು ಕೆಂಪಿಗೆ. ಸೀರೆಗೂ ರವಿಕೆಗೂ ಹೊಂದಿಸೋಕೆ ಬರದ ನನಗೇ ಕಾಣ್ತಿದೆ. ನಿಮ್ಮ ಕಣ್ಣಿಗೆ ಹೇಗೆ ತಪ್ಪಿತು?"

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಗೆ ಮನೆಯಿಂದಲೇ ಬಣ್ಣ ಒಪ್ಪಿಕೊಡುವುದು ಅವಳ ಕೆಲಸ. ಗಿರಾಕಿ ಕೊಟ್ಟ ಮಾದರಿಯನ್ನೂ ಕಾರ್ಖಾನೆ ಹಾಕಿದ ಬಣ್ಣವನ್ನೂ ಪಕ್ಕಪಕ್ಕ ಇಟ್ಟು ಅವಳು ಹೂಂ ಅಂದರೆ ಹಂಡೆಗೆ ನೂಲು ಬೀಳುತ್ತದೆ, ಉಹೂಂ ಅಂದರೆ ಇಲ್ಲ. ಮದುವೆಗೆ ಮುಂಚಿನಿಂದಲೂ ಅದೇ ಕೆಲಸ. ಅವಳ ಕಣ್ಣು ತಪ್ಪಿತು ಎಂದು ಇದುವರೆಗೆ ಯಾರೂ ಅಂದಿರಲಿಲ್ಲ.

"ಅದಕ್ಕೂ ನಮ್ಮ ಮನೆಯವರು ಸತ್ತಿದ್ದಕ್ಕೂ ಏನು ಸಂಬಂಧ?"

"ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು. ಯಾವತ್ತು ಒಪ್ಪಿದ್ರಿ ಇದನ್ನ?"

ಅವಳು ತುಟಿ ಕಚ್ಚಿದಳು. "ಆವತ್ತೇ. ಅವರು ಹೋದ ದಿನ. ಮಧ್ಯಾಹ್ನ."

ಬಿಸಿಲು ಮೇಷ್ಟ್ರೆಂದು ಊರೆಲ್ಲ ಕರೆಯುತ್ತಿದ್ದ ಅವಳ ಗಂಡ ಛಾವಣಿಯಿಂದ, ಯಾರೂ ಓಡಾಡದ ಹಿಂದಿನ ಓಣಿಗೆ ಬಿದ್ದು ಸತ್ತು ವಾರ ಕಳೆದಿತ್ತು. ನಾಳೆ ಬೆಳಿಗ್ಗೆ ಪೊಲೀಸರು ಆತ್ಮಹತ್ಯೆ ಎಂದು ಬರೆದು ಫೈಲು ಮುಚ್ಚುವವರಿದ್ದರು.

ಆತ್ಮಹತ್ಯೆ. ನಾನು ಕೆಳಗೇ ಕೂತಿದ್ದೆನಲ್ಲ, ಒಂದು ಮಾತೂ ಹೇಳದೆ ಹೋದರೇ? ಬಂದವರೆಲ್ಲ ಅವಳ ಕೈ ಹಿಡಿದು ಅಳುವಾಗಲೂ ಅವರ ಕಣ್ಣು ಮನೆಯ ಮೂಲೆಮೂಲೆಗೆ ಹೋಗಿ, ಇವಳು ಅವನಿಗೆ ಏನು ಕಡಿಮೆ ಮಾಡಿದ್ದಳೋ ಎಂದು ಹುಡುಕುತ್ತಿತ್ತು. ಅದಕ್ಕೇ ಅವಳು ಗಾಲಿ ಮೇಡಂ ಬಳಿಗೆ ಹೋಗಿದ್ದು. ಮೇಡಂ ಖಾಸಗಿ ಪತ್ತೇದಾರಿಣಿ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಒಂದು ಕಡೆ ಕೂರದ ಅವರಿಗೆ ಪೊಲೀಸರೇ ಇಟ್ಟ ಹೆಸರದು. ಈಗಲೂ ಅವರು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇದ್ದರು.

ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ. ಆದರೂ ಮೇಜಿನ ಮೇಲೆ ಹಗಲಿನ ಬೆಳಕು ಬೀಳುತ್ತಿತ್ತು. ಛಾವಣಿಯ ಮೇಲೆ ಒಂದು ದೊಡ್ಡ ಭೂತಗನ್ನಡಿ. ಅದು ಬಿಸಿಲನ್ನು ಒಂದು ಚುಕ್ಕೆಯಾಗಿ ಕೂಡಿಸಿ, ಬೆಳಕು ಸಾಗಿಸುವ ಗಾಜಿನಂಥ ಫೈಬರ್ ಎಳೆಗಳ ಕಟ್ಟಿನ ಬಾಯಿಗೆ ಸುರಿಯುತ್ತಿತ್ತು. ಹೆಬ್ಬೆರಳು ದಪ್ಪದ ಆ ಕಟ್ಟು ಮೆಟ್ಟಿಲ ಗೋಡೆಯ ಗುಂಟ ಇಳಿದು, ನೆಲಮಾಳಿಗೆಯ ಸೂರು ತೂರಿ, ಮೇಜಿನ ಮೇಲೆ ತಲೆಕೆಳಗಾದ ಹೂವಿನಂತೆ ಬಿಚ್ಚಿಕೊಂಡಿತ್ತು. ಬಣ್ಣ ನೋಡಲು ಹಗಲ ಬೆಳಕೇ ಬೇಕು. ಮನೆಯಲ್ಲಿ ಖಾಲಿ ಇದ್ದದ್ದು ಈ ಕತ್ತಲ ಕೋಣೆಯೊಂದೇ. ಹೆಂಡತಿಗಾಗಿ ಮೇಷ್ಟ್ರು ಹಗಲನ್ನೇ ಕೆಳಗಿಳಿಸಲು ಹೊರಟಿದ್ದರು.

"ಆ ಮಧ್ಯಾಹ್ನ ಈ ಬೆಳಕು ಹೇಗಿತ್ತು? ಪೊಲೀಸರಿಗೆ ಹೇಳಿದ್ದು ಬೇಡ. ನನಗೆ ಹೇಳಿ."

"ಪೊಲೀಸರಿಗೆ ಹೇಳಿದ್ದೇ. ಸಂಜೆವರೆಗೂ ಇತ್ತು." ಅವಳು ಸೂರಿನ ಕಡೆ ನೋಡಿದಳು. "ಸೂರ್ಯ ಸರಿದ ಹಾಗೆ ಭೂತಗನ್ನಡೀನ ತಿರುಗಿಸ್ತಾ ಇರಬೇಕು ಮೇಡಂ. ಮೋಟಾರು ಇನ್ನೂ ಕೂರಿಸಿರಲಿಲ್ಲ. ಅವರೇ ಪಕ್ಕದಲ್ಲಿ ಕೂತು ಹಿಡಿ ತಿರುಗಿಸ್ತಿದ್ರು. ಸ್ವಲ್ಪ ಮರೆತರೂ ಚುಕ್ಕೆ ಜಾರಿ ಇಲ್ಲಿ ಕತ್ತಲಾಗುತ್ತೆ. ಸಂಜೆವರೆಗೂ ಬೆಳಕಿತ್ತು ಅಂದ್ರೆ ಸಂಜೆವರೆಗೂ ಅವರು ಇದ್ರು ಅಂತ ತಾನೆ ಅರ್ಥ?"

ಪೊಲೀಸರು ಹೇಳುವುದೂ ಅದನ್ನೇ. ಸಂಜೆಯ ಹೊತ್ತಿಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಊಟಕ್ಕೆ ಬಂದಿದ್ದ ಮೇಷ್ಟ್ರ ಗೆಳೆಯ, ಕನ್ನಡಕದಂಗಡಿಯವನು, ಊಟ ಮುಗಿಸಿ ಅಂಗಡಿಗೆ ಹೋಗಿದ್ದ. ಇದೇ ಮನೆಯಲ್ಲಿರುವ ಮೇಷ್ಟ್ರ ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗಿದ್ದಳು. ಮೇಲೆ ಗಂಡ, ಕೆಳಗೆ ಹೆಂಡತಿ. ತಳ್ಳುವವರೇ ಇಲ್ಲದ ಮೇಲೆ ತಾನೇ ಹಾರಿರಬೇಕು.

"ಬೆಳಕಿತ್ತು ಅಂತ ಸಾವಿರ ಸಲ ಹೇಳಿದ್ದೀರಿ," ಮೇಡಂ ಅಂದರು. "ಹೇಗಿತ್ತು ಅಂತ ಕೇಳ್ತಿದೀನಿ."

ಅವಳ ಬೆರಳುಗಳು ಬಟ್ಟೆಯ ಅಂಚಿನ ನೂಲನ್ನು ಎಳೆಯತೊಡಗಿದವು.

"ಆವತ್ತು ಬೆಳಿಗ್ಗೆ ನಾನು ಜಗಳ ಆಡಿದ್ದೆ. ಜಗಳ ಅಂದ್ರೆ... ಗೊಣಗಿದ್ದೆ. ಅವರು ಕೈಯಲ್ಲಿ ತಿರುಗಿಸೋದ್ರಿಂದ ಈ ಬೆಳಕು ಉಸಿರಾಡೋದು. ಮಂಕಾಗುತ್ತೆ, ತಟ್ಟನೆ ಏರುತ್ತೆ, ಮೋಡ ಬಂದ್ರೆ ಮತ್ತೆ ಮಂಕು. 'ನಿಮ್ಮ ಬೆಳಕು ನಿಮ್ಮ ಥರಾನೇ, ಒಂದು ಕಡೆ ನಿಲ್ಲಲ್ಲ, ನಾನು ಕೆಲಸ ಮಾಡೋದು ಹೇಗೆ?' ಅಂದೆ. ನಕ್ಕರು. 'ನಿಲ್ಲಿಸ್ತೀನಿ ಬಿಡೇ ಮಹಾರಾಯ್ತಿ' ಅಂದ್ರು."

"ಆಮೇಲೆ?"

"ಊಟ ಆದ ಮೇಲೆ ನಾನು ಇಲ್ಲಿಗೆ ಬಂದು ಕೂತೆ. ಒಂದು ಸಲ ಪೂರ್ತಿ ಮಂಕಾಯ್ತು. ಟೀ ಕುಡಿಯೋಕೆ ಎದ್ದಿರಬೇಕು ಅಂದ್ಕೊಂಡೆ. ಆಮೇಲೆ ಬಂತು. ಬಂದಿದ್ದು..." ಅವಳ ದನಿ ಇಳಿಯಿತು. "ಅಲುಗಾಡಲೇ ಇಲ್ಲ ಮೇಡಂ. ಕ್ಲಿನಿಕ್ಕಲ್ಲಿ ಇರುತ್ತಲ್ಲ, ಹಾಗೆ ಬೆಳ್ಳಗೆ, ಗಟ್ಟಿಯಾಗಿ ನಿಂತ್ಕೊಂಡ್ತು. ಮೋಡವೇ ಇಲ್ವೇನೋ ಅಂದ್ಕೊಂಡೆ. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಬಾಕಿ ಇದ್ದ ತುಂಡುಗಳನ್ನೆಲ್ಲ ಆವತ್ತೇ ನೋಡಿ ಮುಗಿಸಿದೆ. ಹಾಡು ಗುನುಗ್ತಾ ಇದ್ದೆ."

ಮೇಡಂ ನಡೆಯುವುದನ್ನು ನಿಲ್ಲಿಸಿದರು. ಆ ಮನೆಗೆ ಬಂದಾಗಿನಿಂದ ಅವರು ನಿಂತಿದ್ದು ಅದೇ ಮೊದಲು.

"ಆವತ್ತು ಮಧ್ಯಾಹ್ನ ಆಕಾಶದ ತುಂಬ ಚೂರುಮೋಡ ಇತ್ತು. ನಾನು ಹವಾಮಾನದವರನ್ನ ಕೇಳಿದೀನಿ. ಕಾರ್ಖಾನೆಯವರು ಆವತ್ತು ನೀವು ಒಪ್ಪಿದ್ದರಲ್ಲಿ ಎಷ್ಟು ವಾಪಸ್ ಕಳಿಸಿದ್ರು?"

"ಎಲ್ಲಾನೂ." ಅವಳು ಕಣ್ಣು ಮುಚ್ಚಿದಳು. "ನನಗೆ ಕಣ್ಣು ಹೋಗ್ತಿದೆ ಅಂದ್ಕೊಂಡೆ. ಗಂಡ ಹೋದ, ಇನ್ನು ಕೆಲಸಾನೂ ಹೋದ್ರೆ... ಅದಕ್ಕೇ ಬಚ್ಚಿಟ್ಟೆ."

"ಬೇರೆ ಬೇರೆ ಬಣ್ಣ ಒಂದೇ ಥರ ಕಾಣೋದು ಯಾವಾಗ?"

ಅದು ಅವಳ ವೃತ್ತಿಯ ಮೊದಲ ಪಾಠ. ಹಗಲಲ್ಲಿ ಬೇರೆಯಾಗಿ ಕಾಣುವ ಎರಡು ಬಣ್ಣಗಳು ಕೆಲವು ದೀಪಗಳ ಕೆಳಗೆ ಒಂದೇ ಆಗಿಬಿಡುತ್ತವೆ. ಅಂಗಡಿಯಲ್ಲಿ ಹೊಂದಿದ ರವಿಕೆ ಬೀದಿಗೆ ಬಂದಾಗ ಹೊಂದದಿರುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಅದಕ್ಕೇ ತಾನೆ ಹಗಲ ಬೆಳಕು ಬೇಕೆಂದು ಅವಳು ಗಂಡನಿಗೆ ಗಂಟುಬಿದ್ದಿದ್ದು.

ಅವಳ ಬೆರಳು ನೂಲೆಳೆಯುವುದನ್ನು ಬಿಟ್ಟಿತು.

"ಅದು ಹಗಲ ಬೆಳಕೇ ಅಲ್ಲ," ಎಂದಳು ಮೆಲ್ಲಗೆ. "ಯಾರೋ ಮೇಲೆ ದೀಪ ಇಟ್ಟಿದ್ರು."

ಬೆಳಕು ಅಲುಗಾಡದೆ ನಿಂತ ಹೊತ್ತಿಗೆ ಅವರು ಇರಲೇ ಇಲ್ಲ. ನಾನು ಬೇಡಿದ ಸ್ಥಿರತೆ ಸಿಕ್ಕಿತೆಂದು ಹಾಡು ಗುನುಗುತ್ತಿದ್ದಾಗ ಅವರು ಓಣಿಯಲ್ಲಿ ಬಿದ್ದಿದ್ದರು. ಅವಳಿಗೆ ಅಳು ಬರಲಿಲ್ಲ. ಎದ್ದು ಎಲ್ಲಿಗಾದರೂ ಓಡಬೇಕೆನಿಸಿತು. ಎಲ್ಲಿಗೆಂದು ತಿಳಿಯದೆ ಕೂತೇ ಇದ್ದಳು.

ಬಾಗಿಲು ಬಡಿದ ಸದ್ದಾಯಿತು. ಮೇಡಂ ಹೇಳಿಕಳಿಸಿದ್ದ ಕನ್ನಡಕದವನು ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ ಒಳಬಂದ.

"ಏನಮ್ಮ ತಂಗಿ, ಊಟ ಮಾಡಿದ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೇಡಂ ಕಡೆ ತಿರುಗಿದ. "ಬೇಗ ಮುಗಿಸಿ ಮೇಡಂ. ಗಿರಾಕಿಗಳು ಕಾಯ್ತಿದಾರೆ. ಅವರ ಕನ್ನಡಕ ನನ್ನ ಹತ್ರ ಇದೆ, ಕಣ್ಣು ಕಾಣದೆ ಪಕ್ಕದ ಅಂಗಡಿಗೆ ನುಗ್ಗಿಬಿಟ್ರೆ ಕಷ್ಟ."

ಛಾವಣಿಯ ಭೂತಗನ್ನಡಿಯನ್ನು ತಂದುಕೊಟ್ಟವನು ಅವನೇ. ಮೇಷ್ಟ್ರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮದುವೆಯಾಗಿರಲಿಲ್ಲ, ಮಧ್ಯಾಹ್ನದ ಊಟ ಈ ಮನೆಯಲ್ಲೇ.

ಅವನ ಬೆನ್ನಿಗೇ ನಾದಿನಿ ಟೀ ತಂದಳು. ಅತ್ತಿಗೆಗೊಂದು ಲೋಟ, ಮೇಡಂಗೊಂದು. ಮೂರನೆಯದನ್ನು ಕನ್ನಡಕದವನ ಮುಂದಿಟ್ಟು, "ಸಕ್ಕರೆ ಹಾಕಿಲ್ಲ" ಎಂದಳು. ಅವನು ಅವಳ ಮುಖ ನೋಡದೆ ಲೋಟ ತೆಗೆದುಕೊಂಡ. ಅಷ್ಟು ಎಚ್ಚರಿಕೆಯಿಂದ ನೋಡದೆ ಇರುವುದನ್ನು ಮೇಡಂ ನೋಡಿದರು.

"ಛಾವಣಿ ಮೇಲೆ ನಾನೊಂದು ವಿಚಿತ್ರ ಕಂಡೆ," ಮೇಡಂ ಅವನಿಗೆ ಹೇಳಿದರು. "ಎಳೆಗಳ ಕಟ್ಟಿನ ಬಾಯಿ ಒಂದು ಮರದ ಹಲಗೆಯ ತೂತಿನಲ್ಲಿದೆ, ಅಲ್ವಾ? ಆ ತೂತಿನ ಪಕ್ಕ ಹಲಗೆ ಸುಟ್ಟಿದೆ. ಬೆರಳುದ್ದದ ಕಪ್ಪು ಗೀರು. ಮೇಲೆ ಬಿಳೀ ಟೇಪು ಅಂಟಿಸಿದಾರೆ. ಏನದು?"

ನಾದಿನಿಯ ಕೈಯಲ್ಲಿದ್ದ ತಟ್ಟೆ ಗೋಡೆಗೆ ತಾಗಿ ಸದ್ದಾಯಿತು. "ಮೆಡಿಕಲ್ ಅಂಗಡಿಗೆ ಹೋಗಿ ಬರ್ತೀನಿ ಅತ್ತಿಗೆ," ಎಂದಳು. "ನಿಮ್ಮ ನಿದ್ದೆ ಮಾತ್ರೆ ಮುಗಿದಿದೆ." ಅವಳು ಮೆಟ್ಟಿಲು ಹತ್ತಿಹೋದಳು. ಸ್ವಲ್ಪ ಹೊತ್ತಿಗೆ ಬೀದಿಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು.

ಕನ್ನಡಕದವನು ಟೀ ಊದಿ ಕುಡಿದ. "ಅದರಲ್ಲೇನು ವಿಚಿತ್ರ? ಭೂತಗನ್ನಡಿ ತಿರುಗಿಸದೆ ಬಿಟ್ರೆ ಚುಕ್ಕೆ ತೂತಿನಿಂದ ಜಾರಿ ಮರದ ಮೇಲೆ ಹೋಗುತ್ತೆ. ಮರ ಸುಡುತ್ತೆ. ಚಿಕ್ಕವರಿದ್ದಾಗ ಕಾಗದ ಸುಡಲಿಲ್ವಾ ನೀವು?"

"ಬೆರಳುದ್ದ ಸುಟ್ಟು ಅಲ್ಲಿಗೇ ನಿಂತಿದೆ. ಯಾರೋ ಭೂತಗನ್ನಡಿ ಮುಚ್ಚಿದಾರೆ."

"ಅವನೇ ಮುಚ್ಚಿರ್ತಾನೆ. ಹಳೇದಿರಬೇಕು. ಇಂಥ ಗೀರು ಎಷ್ಟೋ ಆಗಿವೆ."

"ಹಳೇದಲ್ಲ ಅಣ್ಣ," ಎಂದಳು ಅವಳು. ಇಬ್ಬರೂ ತಿರುಗಿದರು. "ಹಳೇ ಹಲಗೆ ತುಂಬ ಸುಟ್ಟಿತ್ತು. ಆವತ್ತು ಬೆಳಿಗ್ಗೆ ಹೊಸದು ಹಾಕಿದ್ರು. ಅದಕ್ಕೆ ಬಿಳೀ ಬಣ್ಣ ಬಳಿದವಳು ನಾನೇ. ಒಂದು ಚುಕ್ಕೆ ಇರಲಿಲ್ಲ ಅದರ ಮೇಲೆ."

ಕನ್ನಡಕದವನು ಲೋಟ ಕೆಳಗಿಟ್ಟ.

"ಸಂಜೆ ಬಿಸಿಲಿಗೆ ಮರ ಸುಡುತ್ತಾ?" ಮೇಡಂ ಕೇಳಿದರು.

"...ಇಲ್ಲ."

"ಯಾವ ಬಿಸಿಲಿಗೆ ಸುಡುತ್ತೆ?"

"ನೆತ್ತಿ ಬಿಸಿಲಿಗೆ. ಸ್ವಲ್ಪ ಇಳಿದ ಮೇಲೂ ಸುಡಬಹುದು."

"ಅಂದ್ರೆ ಊಟ ಆದ ಸ್ವಲ್ಪ ಹೊತ್ತಿಗೇ ಹಿಡಿ ತಿರುಗಿಸೋ ಕೈ ನಿಂತಿದೆ. ಆಗ ನೀವಿನ್ನೂ ಇದೇ ಮನೇಲಿದ್ರಿ."

"ನಾನು ಹೋಗುವಾಗ ಅವನು ಛಾವಣಿ ಮೇಲಿಂದ ಕೈ ಬೀಸಿದ ಮೇಡಂ."

"ಯಾರು ನೋಡಿದ್ರು?"

ಮೇಡಂ ಬಾಗಿಲು ಮುಚ್ಚಿ, ಅವಳ ಕಡೆ ತಿರುಗಿದರು. "ನೀವು ಬಣ್ಣ ನೋಡುವಾಗ ಹೇಗಿರುತ್ತೋ ಹಾಗೆ ಮಾಡಿ ಈ ಕೋಣೇನ."

ಅವಳು ಎದ್ದಳು. ಕೈಗಳಿಗೆ ಕೆಲಸ ಸಿಕ್ಕಿದ್ದಕ್ಕೆ ಜೀವ ಬಂದಂತಾಯಿತು. ಮೆಟ್ಟಿಲ ಬೆಳಕು ಒಳಬರದಂತೆ ಬಾಗಿಲ ಕೆಳಗಿನ ಸಂದಿಗೆ ದಪ್ಪ ಬಟ್ಟೆಯ ಸುರುಳಿ ಒತ್ತಿದಳು. ಬಲ್ಬು ಆರಿಸಿದಳು. ಎರಡು ತುಂಡುಗಳನ್ನು ಎಳೆಗಳ ಹೂವಿನ ಕೆಳಗೆ ಸರಿಸಿದಳು. ಮೇಡಂ ಮೊದಲೇ ಛಾವಣಿಗೆ ಹೋಗಿ ಭೂತಗನ್ನಡಿಯನ್ನು ಪಡುವಣಕ್ಕೆ ತಿರುಗಿಸಿ ಬಂದಿದ್ದರು. ಮುಳುಗುವ ಹೊತ್ತಿನ ಬೆಳಕು ತೆಳುವಾಗಿ ಇಳಿಯಿತು. ಒಂದು ತುಂಡು ಪಾಚಿಗಟ್ಟಿದ ಹಾಗೆ, ಇನ್ನೊಂದು ತುಕ್ಕು ಹಿಡಿದ ಹಾಗೆ ಕಂಡಿತು.

"ಈ ತುಂಡುಗಳು ಸಾಕ್ಷಿ ಹೇಳ್ತಿವೆ," ಎಂದರು ಮೇಡಂ. "ಆ ಮಧ್ಯಾಹ್ನ ಇಲ್ಲಿ ಬಿದ್ದಿದ್ದು ದೀಪದ ಬೆಳಕು."

"ಯಾವ ದೀಪ? ಎಲ್ಲಿದೆ?" ಕನ್ನಡಕದವನ ದನಿ ಏರಿತು. "ಛಾವಣಿಯೆಲ್ಲ ಜಾಲಾಡಿದ್ರಲ್ಲ, ಸಿಕ್ತಾ? ತಂಗಿ, ನಿನ್ನ ದುಃಖ ನನಗೆ ಅರ್ಥವಾಗುತ್ತೆ. ಹಾಗಂತ ಬಟ್ಟೆ ಚೂರು ಹಿಡ್ಕೊಂಡು ಮನೆಯವರನ್ನೆಲ್ಲ ಕೊಲೆಗಾರರು ಮಾಡ್ತೀಯಾ?"

"ನಾನು ಯಾರನ್ನೂ ಏನೂ ಮಾಡ್ತಿಲ್ಲ ಅಣ್ಣ. ಅವರು ನನ್ನ ಬಿಟ್ಟು ಹೋದ್ರಾ, ಇಲ್ಲ ಯಾರಾದ್ರೂ ಕಳಿಸಿದ್ರಾ, ಅಷ್ಟು ಗೊತ್ತಾಗಬೇಕು. ನಾಳೆ ಅವರು ಅದೊಂದು ಪದ ಬರೆದ್ರೆ ನಾನು ಸಾಯೋವರೆಗೂ ಅದರ ಜೊತೆ ಮಲಗಬೇಕು, ಅದರ ಜೊತೆ ಏಳಬೇಕು."

ಬೆಳಕು ಇಳಿಯುತ್ತ ಹೋಯಿತು. ಮೂವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಕತ್ತಲಾಯಿತು.

"ಬಲ್ಬು ಹಾಕ್ಲಾ?" ಎಂದಳು ಅವಳು. ಆಮೇಲೆ ಏನೋ ನೆನಪಾಗಿ, ಕತ್ತಲಿಗೇ ಹೇಳುವಂತೆ ಹೇಳಿದಳು. "ಇಲ್ಲಿ ಬಲ್ಬು ಹಾಕಿದ್ರೆ ಮೇಲೆ ಎಳೆಗಳ ಬಾಯಿ ಮಿನುಗುತ್ತೆ. ಬೆಳಕು ಹೇಗೆ ಇಳಿಯುತ್ತೋ ಹಾಗೆ ಹತ್ತುತ್ತಂತೆ. ಅವರು ಅದನ್ನ ನೋಡಿಯೇ 'ಇನ್ನೂ ಮುಗೀಲಿಲ್ವೇನೇ' ಅಂತ ಕೂಗೋರು. ನಾದಿನೀನೂ ಅಷ್ಟೇ. ಒಣಗಿದ ಬಟ್ಟೆ ತರೋಕೆ ಹೋದಾಗ ಅದನ್ನ ನೋಡಿ, ಅತ್ತಿಗೆ ಇನ್ನೂ ಕೆಳಗಿದ್ದಾರೆ ಅಂತ ಅನ್ನಕ್ಕೆ ಇಡ್ತಾಳೆ."

"ಬಲ್ಬು ಬೇಡ," ಎಂದರು ಮೇಡಂ. ಅವರ ದನಿ ಬದಲಾಗಿತ್ತು. "ಹಾಗೇ ಇರಲಿ."

ಕತ್ತಲಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಯಾರದೋ ಉಸಿರು ಜೋರಾಗಿತ್ತು. ಅವಳಿಗೆ ತನ್ನದೇ ಇರಬೇಕೆನಿಸಿತು.

ಆಗ ಮೇಜಿನ ಮೇಲೆ ಬೆಳಕು ಬಿತ್ತು.

ಮೊದಲು ಒಂದು ತುದಿಯಲ್ಲಿ. ಆಮೇಲೆ ನಡುಗುತ್ತ ಇಡೀ ಹೂವಿನಲ್ಲಿ. ಬೆಳ್ಳಗೆ, ತಣ್ಣಗೆ. ಸೂರ್ಯ ಮುಳುಗಿದ ಮೇಲೆ ಬರಲಾರದ ಬೆಳಕು.

ಅವಳು ಸೂರಿನ ಕಡೆ ನೋಡಲಿಲ್ಲ. ಬಟ್ಟೆಯ ತುಂಡುಗಳನ್ನು ನೋಡಿದಳು. ಪಾಚಿ ಎಲ್ಲಿ ಮುಗಿದು ತುಕ್ಕು ಎಲ್ಲಿ ಶುರುವಾಗುತ್ತಿತ್ತೋ ಆ ಗೆರೆಯೇ ಅಳಿಸಿಹೋಗಿತ್ತು. ಎರಡೂ ಒಂದೇ ಬೂದು. ಆ ಮಧ್ಯಾಹ್ನ ಅವಳು ಒಪ್ಪಿದ ಅದೇ ಬೂದು.

"ಮೇಡಂ," ಎಂದಳು. "ಅದೇ ದೀಪ. ನನ್ನ ಕಣ್ಣಿಗೆ ಏನೂ ಆಗಿಲ್ಲ."

ಮೇಡಂ ಆಗಲೇ ಚೀಲಕ್ಕೆ ಕೈಹಾಕಿದ್ದರು. ಛಾವಣಿಯ ಕೀಲಿ ಅಲ್ಲೇ ಇತ್ತು. ಇದೊಂದೇ ಕೀಲಿ ಎಂದು ಮಧ್ಯಾಹ್ನ ಮನೆಯವರು ಹೇಳಿ ಕೊಟ್ಟಿದ್ದ ಕೀಲಿ.

"ಸುಟ್ಟ ಹಲಗೆ ಕೀಳೋಕೆ ಬಂದಿದಾರೆ," ಪಿಸುಗುಟ್ಟಿದರು ಮೇಡಂ. "ದೀಪ ಹಿಡ್ಕೊಂಡು. ಇಲ್ಲಿ ಕತ್ತಲಾಗಿದೆ, ಎಲ್ಲ ಎದ್ದು ಹೋಗಿದಾರೆ ಅಂದ್ಕೊಂಡಿದಾರೆ. ಯಾರೂ ಅಲುಗಾಡಬೇಡಿ. ನಾನು ಮೇಲೆ—"

ಕನ್ನಡಕದವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅವನು ಬಾಗಿಲಿಗೆ ಓಡಲಿಲ್ಲ. ಗೋಡೆಗೆ ಹಾರಿ ಸ್ವಿಚ್ಚು ಒತ್ತಿದ.

ಬಲ್ಬು ಹತ್ತಿಕೊಂಡಿತು. ಮರುಕ್ಷಣವೇ ಎಳೆಗಳ ಹೂವು ಆರಿಹೋಯಿತು.

ಅವನು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ.

"ಮೇಲಿದ್ದವರನ್ನ ಎಚ್ಚರಿಸಿದ್ರಿ," ಎಂದರು ಮೇಡಂ.

"ನಾನೇ ಮಾಡಿದ್ದು." ಅವನ ದನಿ ಬತ್ತಿತ್ತು. "ಬರ್ಕೊಳ್ಳಿ. ಭೂತಗನ್ನಡಿ ನಂದು, ಯೋಚನೆ ನಂದು. ಮಾತಿಗೆ ಮಾತು ಬೆಳೀತು, ತಳ್ಳಿದೆ. ಸ್ಟೇಷನ್ನಿಗೆ ಬರ್ತೀನಿ. ಮೇಲೆ ಮಾತ್ರ ಹೋಗಬೇಡಿ."

ಅವಳು ಅವನನ್ನೇ ನೋಡಿದಳು. ಮದುವೆಯಾಗಿ ಬಂದ ದಿನದಿಂದ ಅಣ್ಣ ಎಂದು ಕರೆದವನು. ಅವನ ಮುಖದಲ್ಲಿ ಅವಳು ಕೊಲೆ ಹುಡುಕಿದಳು, ಕಂಡಿದ್ದು ಹೆದರಿಕೆ. ತನಗಾಗಿ ಹೆದರುವವರ ಮುಖ ಹಾಗಿರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗಂಡ ಗೋಡೆಯಂಚಿಗೆ ನಿಂತು ಭೂತಗನ್ನಡಿ ಒರೆಸುವಾಗೆಲ್ಲ ಅವಳ ಮುಖವೂ ಹೀಗೇ ಇರುತ್ತಿತ್ತು.

"ಅಣ್ಣ, ಮೇಲೆ ಯಾರಿದ್ದಾರೆ?"

ಅವನು ತಲೆ ತಗ್ಗಿಸಿದ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿಸಿತು. ಅವಸರವಿಲ್ಲದ, ಮನೆಯವರ ಹೆಜ್ಜೆ. ಅದು ಕೆಳಗಿಳಿದು ಬಾಗಿಲ ಹೊರಗೆ ನಿಂತಿತು. ಬಾಗಿಲು ತಳ್ಳಿದಾಗ ಸಂದಿಗೆ ಒತ್ತಿದ್ದ ಬಟ್ಟೆಯ ಸುರುಳಿ ಮುದ್ದೆಯಾಗಿ ಒಳಸರಿಯಿತು.

ನಾದಿನಿ. ಒಂದು ಕೈಯಲ್ಲಿ ಮಾತ್ರೆಯ ಪೊಟ್ಟಣ. ಸೆರಗು ಹೆಗಲ ಸುತ್ತ ಬಂದು ಇನ್ನೊಂದು ಕೈಯನ್ನು ಮುಚ್ಚಿತ್ತು.

"ತಗೊಳ್ಳಿ ಅತ್ತಿಗೆ," ಎಂದು ಪೊಟ್ಟಣ ಚಾಚಿದಳು. ದನಿಯಲ್ಲಿ ಎಂದಿನದೇ ಅಕ್ಕರೆ, ಎಂದಿನದೇ ಸಣ್ಣ ಗದರಿಕೆ. "ಇಷ್ಟು ಹೊತ್ತು ಕತ್ತಲಲ್ಲಿ ಯಾಕೆ ಕೂತಿದ್ರಿ? ಇಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ."

ಪೊಟ್ಟಣಕ್ಕೆ ಚಾಚಿದ ಅತ್ತಿಗೆಯ ಕೈ ಅರ್ಧಕ್ಕೇ ನಿಂತಿತು. ಕಿಟಕಿಯಿಲ್ಲದ ಕೋಣೆ. ಮುಚ್ಚಿದ ಬಾಗಿಲು. ಇಲ್ಲಿ ಕತ್ತಲಿತ್ತೆಂದು ಗೊತ್ತಾಗುವ ಜಾಗ ಈ ಮನೆಯಲ್ಲಿ ಒಂದೇ ಒಂದಿತ್ತು.